ಗಂಗಾ ತಲಾವಿನಲ್ಲಿ ಅಕ್ಕನ ಲಿಂಗ

ಹಳಿಯಾಳದಲ್ಲಿ ನನ್ನ ಅಕ್ಕನ ಗಂಡನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಒಂದು ವರ್ಷ ಆ ಅಂಗಡಿಯಲ್ಲಿ ಗೋವಿನಜೋಳದ ಬೀಜ ಭರ್ಜರಿಯಾಗಿ ಖರ್ಚಾಯಿತು. ಮುಂಡಗೋಡದ ಟಿಬೆಟನ್ ಕಾಲೊನಿಯವರು, ಸನವಳ್ಳಿ ಕಡೆಯವರು, ಎಲ್ಲರೂ ಅದೇ ತಳಿ ಬೇಕೆಂದು ಹಟ ಹಿಡಿದಿದ್ದರು. ಬೀಜದ ಕಂಪನಿಯವರು ಸಂತೋಷಪಟ್ಟು ಇಬ್ಬರಿಗೆ ಮಾರಿಷಸ್ ಪ್ರವಾಸ ಕೊಟ್ಟರು. ಆಗ ಅಂಥದೊಂದು ಕಾಲ ಬಂದಿತ್ತು. ನಮ್ಮ ಕಡೆಯ ಬೀಜದ, ಸಿಮೆಂಟಿನ, ಔಷಧಿಯ ವ್ಯಾಪಾರಿಗಳು ಮೈಸೂರು ನೋಡುವ ಮೊದಲೇ ಬ್ಯಾಂಕಾಕ್ ನೋಡಿ ಬಂದು, ಗಿರಾಕಿಗಳಿಗೆ ಅಲ್ಲಿಯ ಊಟ ಎಷ್ಟು ಸಪ್ಪಗಿರುತ್ತದೆಂದು ಹೇಳುತ್ತಿದ್ದರು.

ಅಂಗಡಿಯ ಯಜಮಾನರಾದ ಮಾವ ಮಾತ್ರ ವಿಮಾನ ಹತ್ತಲು ಒಪ್ಪಲಿಲ್ಲ. "ನೆಲಾ ಬಿಟ್ಟು ಹೋಗೂದು ನನಗ ಒಗ್ಗೂದಿಲ್ಲೋ. ನೀ ಇಂಗ್ಲಿಷ್ ಕಲತಾಂವ. ನಿಮ್ಮಕ್ಕನ ಜೋಡಿ ನೀನ ಹೋಗು" ಎಂದು ನನ್ನನ್ನು ಮುಂದೆ ತಳ್ಳಿದರು.

ಆಗ ನಾನು ದಾಂಡೇಲಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಅದಕ್ಕೆ ಮೊದಲು ಜೋಯಿಡಾದಲ್ಲಿದ್ದೆ, ಅದಕ್ಕೂ ಮೊದಲು ಮತ್ತೆಲ್ಲೋ. ಒಂದೂರಿನ ಗಾಳಿ ಪರಿಚಯವಾಗುತ್ತಿದ್ದಂತೆ ಇನ್ನೊಂದು ಊರಿಗೆ ಅರ್ಜಿ ಹಾಕುವವ ನಾನು. ಧಾರವಾಡದಲ್ಲಿ ಓದುವಾಗ ಆಧಾರವಿಲ್ಲದ ಯಾವ ಮಾತನ್ನೂ ನಂಬಬಾರದೆಂದು ನಮ್ಮ ಗುರುಗಳು ಕಲಿಸಿದ್ದರು. ಆ ಪಾಠವನ್ನು ದೇವರಿಂದ ಹಿಡಿದು ಬಸ್ಸಿನ ವೇಳಾಪಟ್ಟಿಯವರೆಗೆ ಎಲ್ಲಕ್ಕೂ ಅನ್ವಯಿಸುತ್ತ ಬಂದಿದ್ದೆ. ಈಗ ಈ ಪ್ರವಾಸವನ್ನು ಬರೆಯಲು ಕೂತಾಗ ನನ್ನ ಆಧಾರವೇ ಸಡಿಲವಾಗಿದೆ. ನಾವು ತೆಗೆದ ಫೋಟೋಗಳ ರೀಲು ಹುಬ್ಬಳ್ಳಿಯಲ್ಲಿ ತೊಳೆಯುವಾಗ ಬೆಳಕು ಬಿದ್ದು ಹಾಳಾಯಿತು. ಉಳಿದಿರುವುದು ನನ್ನ ನೆನಪು, ಮತ್ತು ಅದನ್ನು ಹೆಜ್ಜೆಹೆಜ್ಜೆಗೂ ತಿದ್ದುವ ಅಕ್ಕ.

ಬಸ್ಸು

ಆ ದ್ವೀಪದಲ್ಲಿ ನೋಡುವಂಥದ್ದನ್ನೆಲ್ಲ ಒಂದೇ ಹಗಲಿನಲ್ಲಿ ತೋರಿಸಿಬಿಡುವ ಬಸ್ಸು ಅದು. ಒಳಗೆ ಧಾರವಾಡ, ಹಾವೇರಿ ಕಡೆಯ ಬೀಜದ ವ್ಯಾಪಾರಿಗಳು, ಅವರ ಹೆಂಡಂದಿರು, ಎಲ್ಲರ ಕಾಲಡಿಗೂ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿಗಳು. ಗೈಡಿನ ಹೆಸರು ಅನಂತ. ಅವನ ಮುತ್ತಜ್ಜ ಕೊಂಕಣದಿಂದ ಕಬ್ಬಿನ ಕೂಲಿಗೆ ಹಡಗು ಹತ್ತಿ ಬಂದವನಂತೆ. ಕೊರಳಲ್ಲಿ ಪೋಲೀಸರಂತೆ ಒಂದು ಸೀಟಿ ಹಾಕಿಕೊಂಡಿದ್ದ. ಇಳಿಯಲು ಒಂದು ಸೀಟಿ, ಹತ್ತಲು ಒಂದು ಸೀಟಿ. ನಮಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಅಕ್ಕನೊಡನೆ ಮಾತ್ರ ಮರಾಠಿ. ಅಕ್ಕನ ಮರಾಠಿ ಹಳಿಯಾಳದ ಅಂಗಡಿಯಲ್ಲಿ ಗಿರಾಕಿಗಳಿಂದ ಕಲಿತದ್ದು. ಅವನದು ಅಜ್ಜಿಯಿಂದ ಬಂದದ್ದು, ನೂರು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದ ರೇಶಿಮೆಯ ಹಾಗೆ ಮಡಿಕೆ ಮಡಿಕೆಯಲ್ಲಿ ಹರಿಯುತ್ತಿತ್ತು. ಆದರೂ ಇಬ್ಬರಿಗೂ ಸಾಕಾಗುತ್ತಿತ್ತು. ಅಕ್ಕನನ್ನು ಅವನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ.

ಬೆಳಿಗ್ಗೆ ಬಸ್ಸು ಹೇಳಿದ್ದಕ್ಕಿಂತ ಮೊದಲೇ ಬಂದು ಹಾರ್ನು ಹೊಡೆಯಿತು. ಅಕ್ಕನ ಸ್ನಾನವಾಗಿತ್ತು, ಲಿಂಗಪೂಜೆ ಆಗಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡದೆ ಅಕ್ಕ ಬೆಳಗಿನ ಚಹಾ ಕೂಡ ಮುಟ್ಟುವವಳಲ್ಲ. ನಾನು ಲಿಂಗ ಕಟ್ಟುವುದನ್ನು ಬಿಟ್ಟು ಆಗಲೇ ಬಹಳ ವರ್ಷವಾಗಿದ್ದರಿಂದ ನನಗೆ ಚಹಾಕ್ಕೆ ಅಡ್ಡಿಯಿರಲಿಲ್ಲ.

"ಇರಲಿ ಬಿಡು, ದಾರ್ಯಾಗ ಎಲ್ಲೆರ ನೀರು ಕಂಡಲ್ಲೆ ಮಾಡಿಕೋತೇನಿ" ಎಂದು ಅಕ್ಕ ಬಸ್ಸು ಹತ್ತಿದಳು.

ಅವಳ ಲಿಂಗ ಮನೆಯಲ್ಲಿ ಯಾವಾಗಲೂ ಕೊರಳಿಗೆ ತೂಗುವ ಬೆಳ್ಳಿಯ ಕರಡಿಗೆಯಲ್ಲಿ ಇರುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಬೆಳ್ಳಿ ಕಂಡರೆ ಯಂತ್ರ ಕೂಗುತ್ತದೆ, ಬಿಚ್ಚಿಸುತ್ತಾರೆ, ಕಂಡವರೆಲ್ಲ ಮುಟ್ಟುತ್ತಾರೆ ಎಂದು ಮಾವ ಹೇಳಿದ್ದರಿಂದ ಕರಡಿಗೆಯನ್ನು ಊರಲ್ಲಿಟ್ಟು, ಹಿಂದಿನವರ ಹಾಗೆ ಲಿಂಗವನ್ನು ವಸ್ತ್ರದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದಳು. "ಕರಡಿಗಿ ಇಲ್ಲದ ಎದಿ ಹಗರ ಅನಸತೈತಿ" ಎಂದು ವಿಮಾನದಲ್ಲಿ ಎರಡು ಮೂರು ಸಲ ಅಂದಿದ್ದಳು.

ಊರು ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿ ಕಬ್ಬು. ದಿಗಂತದವರೆಗೂ ಕಬ್ಬು, ನಡುನಡುವೆ ಕರಿ ಕಲ್ಲಿನ ಗುಪ್ಪೆಗಳು. ಅಕ್ಕ ಕಿಟಕಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.

"ಇದಕ್ಕ ಇಷ್ಟ ದೂರ ಬಂದ್ವಿ? ಹಳಿಯಾಳದಾಗ ಹಿತ್ತಲ ಬಾಗಲಾ ತಗದ್ರ ಇದ ಐತಿ."

ಹಿಂದಿನ ಸೀಟಿನಿಂದ ರಾಣೆಬೆನ್ನೂರಿನ ಶಿವಪ್ಪನವರು ಕುತ್ತಿಗೆ ಚಾಚಿದರು. ದಪ್ಪ ಮೀಸೆಯ, ದೊಡ್ಡ ದನಿಯ ವ್ಯಾಪಾರಿ. "ಅಕ್ಕಾರ, ಕಬ್ಬ ನೋಡಬ್ಯಾಡ್ರಿ. ಸಂಜಿಮುಂದ ಸಮುದ್ರ ಐತಿ. ಅದರ ಸಲುವಾಗೇ ನಾ ಹಾಫ್ ಪ್ಯಾಂಟ್ ತಗೊಂಡೇನಿ."

"ನಿಮಗ ಈಸಾಕ ಬರತೈತೇನ್ರಿ ಶಿವಪ್ಪನವರ?"

"ಈಸಾಕಲ್ರಿ, ನಿಂದರಾಕ."

ಬಸ್ಸೆಲ್ಲ ನಕ್ಕಿತು. ಕಬ್ಬಿನ ವಾಸನೆ ಒಳಗೆ ಬರುತ್ತಿತ್ತು. ಚಿಕ್ಕವನಿದ್ದಾಗ ನಮ್ಮೂರು ಚಿಗಳ್ಳಿಯಿಂದ ಹಳಿಯಾಳಕ್ಕೆ ಅಕ್ಕನ ಗಂಡನ ಮನೆಗೆ ಹೋಗುವಾಗ ಕಬ್ಬಿನ ಗಾಡಿಗಳ ಹಿಂದೆ ಓಡಿ ಕಬ್ಬು ಎಳೆಯುತ್ತಿದ್ದುದು ನೆನಪಾಯಿತು. ನೆನಪಾಯಿತು ಎಂದು ಬರೆದೆ. ನಾನು ಎಳೆದಿದ್ದೆನೋ, ಎಳೆಯುವವರನ್ನು ಬಸ್ಸಿನ ಕಿಟಕಿಯಿಂದ ನೋಡಿ ಆಸೆಪಟ್ಟಿದ್ದೆನೋ, ಖಚಿತವಾಗಿ ಹೇಳಲಾರೆ.

ಹಡಗು, ಆಮೇಲೆ ಬೆಂಕಿಯ ಬಾಯಿ

ಮೊದಲು ಇಳಿಸಿದ್ದು ಆಟಿಕೆ ಹಡಗುಗಳನ್ನು ಮಾಡುವ ಒಂದು ಮನೆಯಲ್ಲಿ. ಸಾಲಾಗಿ ಕೂತ ಹೆಣ್ಣುಮಕ್ಕಳು ಹಳೆಯ ಕಾಲದ ಯುದ್ಧದ ಹಡಗುಗಳಿಗೆ ಉಗುರಿನಷ್ಟು ಹಲಗೆ ಜೋಡಿಸುತ್ತ, ಕೂದಲಿನಂಥ ದಾರ ಕಟ್ಟುತ್ತ ಇದ್ದರು. ನಮ್ಮ ಗಂಡಸರು ಹಡಗು ನೋಡಿದರು. ಅಕ್ಕ ಕಟ್ಟಿಗೆ ನೋಡಿದಳು. ಒಂದು ಹಲಗೆಯನ್ನು ಉಗುರಿನಿಂದ ಕೆರೆದು, ಮೂಸಿ, "ಸಾಗವಾನಿ. ಆದ್ರ ಎಳೀದು" ಅಂದಳು. ದಾಂಡೇಲಿಯ ಕಟ್ಟಿಗೆ ಡಿಪೋದ ಮುಂದೆ ಹಾದುಹೋದವರಿಗೆಲ್ಲ ಸಾಗವಾನಿಯ ವಿಷಯದಲ್ಲಿ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಅಲ್ಲಿ ಕೂತವಳೊಬ್ಬಳು ಇವಳ ಮುಖ ನೋಡಿ ನಕ್ಕು ಜಾಗ ಬಿಟ್ಟುಕೊಟ್ಟಳು. ಅಕ್ಕ ಕೂತು ಇನ್ನೇನು ದಾರ ಕೈಗೆ ತೆಗೆದುಕೊಳ್ಳಬೇಕು, ಸೀಟಿ.

ಆಮೇಲೆ ಒಂದು ಆರಿದ ಜ್ವಾಲಾಮುಖಿ. ಊರ ನಡುವೆಯೇ ಇದೆ. ಸುತ್ತ ಮನೆ, ಮನೆಗಳ ಮುಂದೆ ಒಣಗಲು ಹಾಕಿದ ಬಟ್ಟೆ, ನಡುವೆ ಬೋಗುಣಿಯಂಥ ಆಳವಾದ ತಗ್ಗು, ತಗ್ಗಿನ ತಳದಲ್ಲಿ ಒಂದಿಷ್ಟು ನೀರು, ಹುಲ್ಲು. ಅನಂತ ಬೆಂಕಿಯ ಕತೆಯನ್ನು ಕೈ ಎತ್ತಿ ಎತ್ತಿ ಹೇಳಿದ. ಅಕ್ಕ ಕಟ್ಟೆಗೆ ಆತು ಕೆಳಗೆ ಇಣುಕಿ ಕೇಳಿದ್ದು, "ಅಲ್ಲೆ ನೀರಿಗೆ ಇಳ್ಯಾಕ ದಾರಿ ಐತೇನು?" ಎಂದು. ಅವಳ ತಲೆಯಲ್ಲಿ ಪೂಜೆಯೇ ಇತ್ತು. ದಾರಿ ದೂರ, ಹೊತ್ತಿಲ್ಲ, ಮುಂದೆ ಒಳ್ಳೆಯ ಕೆರೆ ಇದೆ ಎಂದು ಅನಂತ ಸಮಾಧಾನ ಹೇಳಿದ.

ಇಂಥ ಪ್ರವಾಸಗಳ ಗುಣವೇ ಇದು. ಯಾವುದನ್ನೂ ನೋಡಿ ಮುಗಿಸಲು ಬಿಡುವುದಿಲ್ಲ, ಎಲ್ಲವನ್ನೂ ನೋಡಿದೆವೆಂಬ ದಣಿವು ಮಾತ್ರ ಕೊಡುತ್ತವೆ.

ಗಂಗಾ ತಲಾವ

ಬಸ್ಸು ಗುಡ್ಡ ಏರಿದಂತೆ ಬಿಸಿಲು ಹೋಗಿ ಮಂಜು ಬಂತು. ಕೆರೆ ಕಾಣುವಷ್ಟರಲ್ಲಿ ಹೆಂಗಸರೆಲ್ಲ ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದರು. ಗುಡ್ಡದ ನೆತ್ತಿಯಲ್ಲಿ ಶಾಂತವಾದ ಬೂದು ನೀರು, ದಂಡೆಯಲ್ಲಿ ಗುಡಿಗಳು, ಕರಿ ಕಲ್ಲಿನ ಮೆಟ್ಟಿಲು, ನೀರಂಚಿನಲ್ಲಿ ಊದುಬತ್ತಿಯ ಹೊಗೆ. ಈಗ ಅಲ್ಲಿ ಮುಗಿಲೆತ್ತರದ ಶಿವನ ಮೂರ್ತಿ ನಿಂತಿದೆಯಂತೆ. ನಾವು ಹೋದಾಗ ಅದು ಇರಲಿಲ್ಲ. ಇದ್ದರೂ ಆ ಮಂಜಿನಲ್ಲಿ ನಾನು ಕಂಡಿಲ್ಲ.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಶಿವರಾತ್ರಿಗೆ ದ್ವೀಪದ ಮೂಲೆಮೂಲೆಯಿಂದ ಇಲ್ಲಿಗೆ ನಡೆದು ಬರುತ್ತಾರೆ, ಈ ನೀರು ಸಮುದ್ರದ ತಳದಿಂದ ಗಂಗೆಗೆ ಕೂಡಿಕೊಂಡಿದೆ ಎಂದು ಅನಂತ ಹೇಳಿದ. ಸಮುದ್ರದ ಉಪ್ಪು ಯಾಕೆ ಸೇರಲಿಲ್ಲ ಎಂದು ನಾನು ಕೇಳಿದೆ. ಅವನಿಗೆ ಇಂಥ ಪ್ರಶ್ನೆ ಹೊಸದಾಗಿರಲಿಲ್ಲ. "ಸಾರ್, ಅದನ್ನು ಉಪ್ಪಿಗೇ ಕೇಳಬೇಕು" ಅಂದ.

ಅಕ್ಕ ಆಗಲೇ ಮೆಟ್ಟಿಲಿಳಿದು ನೀರಿನ ಹತ್ತಿರ ಕೂತಿದ್ದಳು. ಕೊರಳ ಗಂಟು ಬಿಚ್ಚಿ ಲಿಂಗ ಅಂಗೈಯಲ್ಲಿಟ್ಟಳು. ಕೆರೆಯ ನೀರು ಎರೆದಳು, ವಿಭೂತಿ ಹಚ್ಚಿದಳು, ಚೀಲದಿಂದ ಎರಡು ಒಣ ಬಿಲ್ವಪತ್ರೆ ತೆಗೆದು ಏರಿಸಿದಳು. ಆ ಬಿಲ್ವ ಊರಿಂದ ಬಂದದ್ದು. ಸುತ್ತಲಿನ ಗದ್ದಲಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಪೂಜೆಯ ಹೊತ್ತಿನಲ್ಲಿ ಅಕ್ಕನನ್ನು ಮಾತಾಡಿಸುವಂತಿಲ್ಲ, ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ಇಲ್ಲ. ನಾನು ನಾಲ್ಕು ಮೆಟ್ಟಿಲು ಮೇಲೆ ಮಂಗಗಳನ್ನು ಕಾಯುತ್ತ ನಿಂತೆ. ಅಲ್ಲಿ ಮಂಗಗಳ ಹಾವಳಿ ನಮ್ಮ ಯಾಣದ ದಾರಿಯ ಮಂಗಗಳದ್ದಕ್ಕಿಂತ ಕಡಿಮೆಯದಲ್ಲ.

ನೀರಿನ ಮೇಲೆ ಮಂಜು ಜರುಗುವುದನ್ನು ನೋಡುತ್ತ ನನಗೆ ಸನವಳ್ಳಿಯ ಕೆರೆ ಕಂಡಿತು. ಅಪ್ಪ, ಅಕ್ಕ, ನಾನು ಯಾರದೋ ಮದುವೆ ಮುಗಿಸಿ ನಸುಕಿನಲ್ಲಿ ಒಡ್ಡಿನ ಮೇಲೆ ನಡೆದು ಬರುತ್ತಿದ್ದೆವು. ಅಪ್ಪ ನೀರಿನ ಹತ್ತಿರ ಕೂತು ಲಿಂಗಪೂಜೆಗೆ ತೊಡಗಿದರೆ ನಾವಿಬ್ಬರೂ ಹಿಂದೆ ನಿಂತು ಹಸಿವು ತಡೆಯುತ್ತ, ಒಬ್ಬರ ಮುಖ ಒಬ್ಬರು ನೋಡಿ ನಗು ನುಂಗುತ್ತಿದ್ದೆವು. ಈಗ ಮಾರಿಷಸ್ಸಿನ ಆ ಕೆರೆಯನ್ನು ನೆನೆದಾಗ ಅದರ ದಂಡೆಯಲ್ಲಿ ಅಪ್ಪ ಕೂತಿರುತ್ತಾರೆ. ತೆಗೆದುಹಾಕಲು ಪ್ರಯತ್ನಿಸಿದ್ದೇನೆ, ಹೋಗುವುದಿಲ್ಲ.

ಅಕ್ಕನ ಪೂಜೆ ಮುಗಿಯುತ್ತಿದ್ದಂತೆ ಸೀಟಿ ಕೇಳಿತು. ಅದೇ ಗಳಿಗೆಗೆ ಒಂದು ಮಂಗ ನನ್ನ ಕಾಲ ಸಂದಿಯಿಂದಲೇ ನುಗ್ಗಿ ಅಕ್ಕನ ಚೀಲದ ಬಾಳೆಹಣ್ಣಿಗೆ ಕೈ ಹಾಕಿತು. ಅಕ್ಕ ಎದ್ದು ಹಚಾ ಎಂದಳು, ನಾನು ಚಪ್ಪಲಿ ಎತ್ತಿದೆ. ಮಂಗ ಹಣ್ಣಿನೊಡನೆ ಹೋಯಿತು. ಮತ್ತೆ ಸೀಟಿ. ಅಕ್ಕ ಅವಸರದಲ್ಲಿ ವಸ್ತ್ರದ ಗಂಟು ಬಿಗಿದು ಕೊರಳಿಗೆ ಹಾಕಿ ಕುಬಸದ ಒಳಗೆ ಇಳಿಬಿಟ್ಟು, "ನಡಿ, ನಡಿ, ಆ ಹುಡುಗನ ಜೀವಾ ಹೋಗತೈತಿ" ಎಂದು ಮೆಟ್ಟಿಲು ಏರಿದಳು.

ಏಳು ಬಣ್ಣದ ಮಣ್ಣು

ಗುಡ್ಡ ಇಳಿದ ಮೇಲೆ ಮತ್ತೆ ಸುಡುಬಿಸಿಲು. ಬೇಲಿ ಹಾಕಿದ ಒಂದು ಬಯಲಿನಲ್ಲಿ ಮಣ್ಣು ಅಲೆಅಲೆಯಾಗಿ ಬಿದ್ದಿತ್ತು. ಕೆಂಪು, ಕಂದು, ನೇರಳೆ, ಹಳದಿ, ಒಂದರ ಮಗ್ಗುಲಲ್ಲಿ ಒಂದು. ಒಟ್ಟು ಏಳು ಬಣ್ಣ ಎಂದು ಅನಂತ ಹೇಳಿದ. ನಾನು ಎಣಿಸಲು ನಿಂತೆ, ಐದಕ್ಕಿಂತ ಮುಂದೆ ಹೋಗಲಿಲ್ಲ. ಶಿವಪ್ಪನವರು ಮಾತ್ರ ಗಂಭೀರವಾಗಿ ನೋಡಿ, "ಇಷ್ಟ ಬಣ್ಣಾ ಇದ್ದು ಒಂದ ಹುಲ್ಲಿನ ಕಡ್ಡಿ ಇಲ್ಲ. ಇಂಥಾ ಮಣ್ಣಿಗೆ ನಮ್ಮ ಬೀಜಾನೂ ಏನ ಮಾಡೀತು" ಅಂದರು.

ಬೇಲಿಯ ಪಕ್ಕದ ಮರಗಳ ಕೆಳಗೆ ಊಟಕ್ಕೆ ಕೂತೆವು. ಡಬ್ಬಿಗಳು ತೆರೆದವು. ಅಕ್ಕ ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಸಕ್ಕರೆ ಬೇನೆಯವಳು, ಊಟಕ್ಕೆ ಮೊದಲಿನ ಗುಳಿಗೆಯನ್ನು ಆಗಲೇ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಬೆವರು ಒರೆಸಲು ಸೆರಗು ಸರಿಸಿದಾಗ ಪಕ್ಕದಲ್ಲಿದ್ದ ಶಿವಪ್ಪನವರ ಹೆಂಡತಿ, "ಅಕ್ಕಾರ, ಕುಬಸಕ್ಕ ಏನ ಬೆಳ್ಳಗ ಇಳದೈತಲ್ರಿ" ಅಂದರು.

ಎದೆಯ ಮೇಲಿನ ಗಂಟಿನಿಂದ ಸುಣ್ಣದಂಥ ನೀರು ಇಳಿದು ಕುಬಸ ತೊಯ್ದಿತ್ತು. ಅಕ್ಕ ಗಂಟನ್ನು ಹೊರಗೆ ಎಳೆದಳು. ಮುಟ್ಟಿ ನೋಡಿದಳು. ಬಿಚ್ಚಲಿಲ್ಲ. ಮುಟ್ಟಿದ್ದೇ ಸಾಕಾಯಿತು. ಅವಳ ಮುಖ ಇಳಿದುಹೋಯಿತು.

"ಇದು ಇಬತ್ತಿ ಗಟ್ಟಿ" ಅಂದಳು.

ಲಿಂಗದ ಗಂಟಿನಲ್ಲಿ ವಿಭೂತಿಯ ಗಟ್ಟಿ ಹೇಗೆ ಬಂತೆಂದು ನನಗೆ ಅರ್ಥವಾಗಲಿಲ್ಲ.

"ವಸ್ತ್ರ ಜಾಡಸಬೇಕಂತ ಲಿಂಗಾನೂ ಇಬತ್ತಿನೂ ಕಲ್ಲ ಮ್ಯಾಲೆ ಇಟ್ಟಿದ್ದೆ. ಮಂಗ್ಯಾ ಬಂತು. ಅದರ ಕಡೆ ನೋಡಕೋತ ಕೈಗೆ ಸಿಕ್ಕದ್ದು ಕಟ್ಟಿಬಿಟ್ಟೆ. ಕರಡಿಗಿ ಇದ್ದಿದ್ರ ಹಿಂಗ ಆಗತಿದ್ದಿಲ್ಲ. ಲಿಂಗ ಅಲ್ಲೇ ಉಳದೈತಿ."

ಕರಿ ಲಿಂಗ, ಕರಿ ಮೆಟ್ಟಿಲು. ನಾವಿಬ್ಬರೂ ಅದನ್ನು ನೋಡದೆ ಎದ್ದು ಬಂದಿದ್ದೆವು. ಅಕ್ಕ ಕೈಯಲ್ಲಿದ್ದ ಗುಳಿಗೆಯನ್ನು ಮತ್ತೆ ಚೀಟಿಯಲ್ಲಿ ಸುತ್ತಿಟ್ಟಳು. ನೀರಿನ ಬಾಟಲಿಯನ್ನು ದೂರ ಸರಿಸಿದಳು. ಮೈಮೇಲೆ ಲಿಂಗವಿಲ್ಲದೆ ಅವಳು ನೀರು ಕುಡಿಯುವುದಿಲ್ಲ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೂತವರಲ್ಲಿ ಅರ್ಧ ಜನರ ಕೊರಳಲ್ಲಿ ಲಿಂಗವಿತ್ತು.

ಚಿಗಳ್ಳಿಯಲ್ಲಿ ನಮ್ಮ ಅಜ್ಜಿಯ ಲಿಂಗ ಒಮ್ಮೆ ನಾಟಿ ಮಾಡುವಾಗ ಗದ್ದೆಯಲ್ಲಿ ಬಿದ್ದುಹೋಗಿತ್ತು. ಓಣಿಯ ಜನವೆಲ್ಲ ಕೆಸರಿನಲ್ಲಿ ಕೈಯಾಡಿಸಿ ಹುಡುಕಿದ್ದರು. ಸಂಜೆ ಅದು ಸಿಗುವವರೆಗೆ ನಮ್ಮ ಮನೆಯಲ್ಲಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳಲ್ಲೂ ಒಲೆ ಹೊತ್ತಿರಲಿಲ್ಲ. ಗದ್ದೆಯ ಬದುವಿನ ಮೇಲೆ ಅಜ್ಜಿ ಬಾಯಿಗೆ ಸೆರಗು ಒತ್ತಿ ಕೂತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಇದನ್ನು ನಾನು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಪ್ರತಿ ಸಲವೂ, "ಅದು ಆದಾಗ ನೀ ಹುಟ್ಟಿದ್ದಿಲ್ಲೋ" ಅನ್ನುತ್ತಾಳೆ.

ಬಸ್ಸು ತಿರುಗಿಸಬೇಕೆಂದು ನಾನು ಅನಂತನನ್ನು ಕೇಳಿದೆ. ಅವನು ಗಡಿಯಾರ ನೋಡಿ ತಲೆಯಾಡಿಸಿದ. ಮುಂದೆ ಜಲಪಾತವಿದೆ, ಸಮುದ್ರವಿದೆ, ಕೆರೆಗೆ ಹಿಂತಿರುಗಿದರೆ ಎರಡೂ ಇಲ್ಲ. ಎಲ್ಲರೂ ಒಪ್ಪಿದರೆ ಆಗಬಹುದು, ಒಬ್ಬರು ಬೇಡವೆಂದರೂ ಆಗದು ಅಂದ.

ಶಿವಪ್ಪನವರು ಗಂಟಲು ಸರಿಮಾಡಿಕೊಂಡರು. "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಇಷ್ಟೊತ್ತಿಗೆ ಆ ಮಂಗ್ಯಾಗೋಳು ಒಯ್ದಿರತಾವ. ಊರಿಗೆ ಹೋದಮ್ಯಾಲೆ ಅಯ್ಯಾರ ಕಡಿಂದ ಹೊಸಾದು ಕಟ್ಟಿಸ್ಕೊಂಡ್ರ ಆತಲ್ರಿ."

"ಖರೆ ಐತ್ರಿ" ಅಂದಳು ಅಕ್ಕ. "ಊರು ಮುಟ್ಟಾಕ ಇನ್ನ ಎರಡ ದಿನ ಐತಿ. ಅಲ್ಲೀಮಟ ಕುಂಡರತೇನಿ. ನೀವು ಸಮುದ್ರ ನೋಡಿ ಬರ್ರಿ, ನಾ ಬಸ್ಸಿನ್ಯಾಗ ಇರತೇನಿ. ನನ್ನ ಸಲುವಾಗಿ ಯಾರೂ ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಸಕ್ಕರೆ ಬೇನೆಯ ಹೆಂಗಸು, ಈ ಬಿಸಿಲಿನಲ್ಲಿ, ಎರಡು ದಿನ ನೀರಿಲ್ಲದೆ. ನಾನು ಅವಳ ಕಿವಿಯಲ್ಲಿ, "ಅಕ್ಕಾ, ಒಂದ ಗುಟುಕ ನೀರರ ಕುಡಿ. ಜೀವ ಉಳದ್ರ ಪೂಜಿ" ಅಂದೆ. "ನಿನಗ ತಿಳಿಯೂದಿಲ್ಲ, ಸುಮ್ಮನಿರು" ಅಂದಳು.

ಆಗ ಶಿವಪ್ಪನವರ ಹೆಂಡತಿ ತಮ್ಮ ಡಬ್ಬಿಯ ಮುಚ್ಚಳ ಹಾಕಿದರು. ಜೋರಾಗಿಯೂ ಹಾಕಲಿಲ್ಲ, ಮೆಲ್ಲಗೂ ಹಾಕಲಿಲ್ಲ. ಮಗ್ಗುಲಿನವರು ತಮ್ಮದನ್ನು ಮುಚ್ಚಿದರು. ಹಾಗೆ ಒಂದೊಂದಾಗಿ ಮರದ ಕೆಳಗಿನ ಡಬ್ಬಿಗಳೆಲ್ಲ ಮುಚ್ಚಿದವು. ರೊಟ್ಟಿ ಮುರಿಯುತ್ತಿದ್ದ ಗಂಡಸರ ಕೈಗಳು ಹಾಗೇ ನಿಂತವು.

"ಏನ ಆತು?" ಎಂದು ಶಿವಪ್ಪನವರು ಕೇಳಿದರು.

"ಮಗ್ಗಲದಾಕಿ ಉಪವಾಸ ಕುಂತಾಗ ನಾವು ಹೆಂಗ ಉಣ್ಣೂದ್ರಿ?" ಎಂದರು ಅವರ ಹೆಂಡತಿ. "ನೀವು ಉಣ್ರಿ. ಉಂಡು ಸಮುದ್ರದಾಗ ನಿಂದರ್ರಿ."

ಶಿವಪ್ಪನವರು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ನೋಡಿದರು. ಬಳಿಕ ಅದನ್ನು ಡಬ್ಬಿಯಲ್ಲಿಟ್ಟು, ಎದ್ದು, ಅನಂತನ ಹೆಗಲ ಮೇಲೆ ಕೈ ಹಾಕಿ ತಮ್ಮ ಹಿಂದಿಯಲ್ಲಿ, ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಬಸ್ಸು ತಿರುಗಿಸು ಎಂದು ಹೇಳಿದರು.

ಮತ್ತೆ ಅದೇ ಕೆರೆ

ಮೆಟ್ಟಿಲುಗಳ ಹತ್ತಿರ ಬಂದಾಗ ನಾನು ಗುಡಿಯ ಎಡಕ್ಕೆ ಓಡಿದೆ. ಅಕ್ಕ ಕೂತದ್ದು ಅಲ್ಲೇ ಎಂದು ನನಗೆ ಖಾತ್ರಿಯಿತ್ತು. ಅಕ್ಕ ನನ್ನನ್ನು ಕರೆಯಲೂ ಇಲ್ಲ, ಬಲಕ್ಕೆ ನಡೆದಳು. ನಾನು ಹುಡುಕಿದ ಕಡೆ ಏನೂ ಇರಲಿಲ್ಲ. ತಲೆಯೆತ್ತಿದಾಗ ಅಕ್ಕ ಬಲಗಡೆಯ ಕೆಳಗಿನ ಮೆಟ್ಟಿಲಲ್ಲಿ ಸುಮ್ಮನೆ ನಿಂತಿದ್ದಳು.

ಅವಳ ಮುಂದೆ, ನೀರಿನಂಚಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ಅಕ್ಕಿಯ ಗುಪ್ಪೆ, ಗುಪ್ಪೆಯ ನಡುವೆ ಅಲುಗಾಡದಂತೆ ಕೂರಿಸಿದ ಲಿಂಗ. ಸುತ್ತ ಕೆಂಪು ದಾಸವಾಳ, ಬಾಳೆಹಣ್ಣು, ಕರ್ಪೂರ. ಲಿಂಗದ ನೆತ್ತಿಗೆ ಸಿಂಧೂರ ಹಚ್ಚಿತ್ತು. ಒಬ್ಬ ಮುದುಕಿ ಅದರ ಮೇಲೆ ಹಾಲು ಎರೆಯುತ್ತ ನಮಗೆ ತಿಳಿಯದ ಮಾತಿನಲ್ಲಿ ಹಾಡುತ್ತಿದ್ದಳು. ಹಿಂದೆ ಮೂರ್ನಾಲ್ಕು ಹೆಂಗಸರು ಕೈ ಮುಗಿದು ನಿಂತಿದ್ದರು.

"ಸಿಕ್ತಲ್ರಿ. ಹೋಗಿ ತಗೋರಿ ಅಕ್ಕಾರ" ಎಂದರು ಹಿಂದಿನಿಂದ ಬಂದ ಶಿವಪ್ಪನವರು.

"ಪೂಜಿ ನಡದೈತಿ" ಅಂದಳು ಅಕ್ಕ. "ಮುಗೀಲಿ."

ಅವಳ ತುಟಿ ಒಣಗಿ ಬಿಳಚಿತ್ತು. ನಾನು ತೋಳು ಹಿಡಿದು ನಿಂತೆ. ಹಾಡು ಉದ್ದವಿತ್ತು. ಮುಗಿದ ಮೇಲೆ ಅನಂತ ಹೋಗಿ ಮುದುಕಿಗೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಅವಳನ್ನು ಮೌಸಿ ಎಂದು ಕರೆಯುತ್ತಿದ್ದ, ಪರಿಚಯವಿದ್ದಂತಿತ್ತು. ಮುದುಕಿ ಕೇಳಿಸಿಕೊಂಡು ತಟ್ಟೆಗೆ ಕೈ ಅಡ್ಡ ಇಟ್ಟಳು. ಅವಳ ಮಾತನ್ನು ಅನಂತ ಅಕ್ಕನಿಗೆ ಮರಾಠಿಯಲ್ಲಿ ದಾಟಿಸಿದ. ಪ್ರತಿ ಸೋಮವಾರ ಬರುತ್ತಾಳಂತೆ. ಮಗ ಮೀನಿನ ಹಡಗಿನಲ್ಲಿ ದೂರ ಹೋಗಿ ಬಹಳ ತಿಂಗಳಾದರೂ ಸುದ್ದಿಯಿಲ್ಲವಂತೆ. ಇಂದು ಬಂದು ನೋಡಿದರೆ ತಾನು ಯಾವಾಗಲೂ ಕೂರುವ ಮೆಟ್ಟಿಲಿನ ಮೇಲೇ ಶಿವ ಬಂದು ಕೂತಿದ್ದನಂತೆ.

ಮತ್ತೊಂದು ಮಾತು ಹೇಳಿದಳು. ಅದನ್ನು ದಾಟಿಸಲು ಅನಂತ ಸ್ವಲ್ಪ ಹಿಂಜರಿದ. "ದೇವರನ್ನು ಕಲ್ಲಿನ ಮೇಲೆ ಮರೆತು ಹೋದವರದು ಆ ದೇವರು ಹೇಗಾಗುತ್ತದೆ ಎಂದು ಕೇಳುತ್ತಾಳೆ, ಮಾವಶಿ."

ಅಕ್ಕ ಮೆಟ್ಟಿಲಿನ ಮೇಲೆ ಮುದುಕಿಯ ಎದುರಿಗೆ ಕೂತಳು. ಕೊರಳಿನ ಗಂಟು ತೆಗೆದು, ಬಿಚ್ಚಿ, ಮುಂದೆ ಹಿಡಿದಳು. ಬೆವರಿನಲ್ಲಿ ಕರಗಿ ಅರ್ಧವಾದ ವಿಭೂತಿಯ ಗಟ್ಟಿ, ಸುತ್ತ ಬಿಳಿ ರಾಡಿ. ಒಮ್ಮೆ ಅದನ್ನು ತೋರಿಸಿದಳು, ಒಮ್ಮೆ ತಟ್ಟೆಯಲ್ಲಿದ್ದ ಲಿಂಗ ತೋರಿಸಿದಳು, ಆಮೇಲೆ ತನ್ನ ಎದೆ ತೋರಿಸಿದಳು.

ಮುದುಕಿ ಬಾಗಿ ನೋಡಿದಳು. ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಮೂಸಿದಳು. ಈ ಹೆಂಗಸು ಬೂದಿಯನ್ನು ದೇವರೆಂದು ಕೊರಳಿಗೆ ಕಟ್ಟಿಕೊಂಡು ದ್ವೀಪವೆಲ್ಲ ತಿರುಗಿದ್ದಾಳೆ ಎಂದು ಅವಳಿಗೆ ಹೊಳೆದದ್ದು ಮುಖದಲ್ಲೇ ಕಂಡಿತು. ಅವಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗು ತಡೆಯಲಿಲ್ಲ. ಅಕ್ಕನೂ ನಕ್ಕಳು. ಹಸಿದ ಹೊಟ್ಟೆಯ ನಗು, ಕಣ್ಣಲ್ಲಿ ನೀರು ಬಂತು. ಇಬ್ಬರೂ ಒಬ್ಬರ ಮೊಣಕಾಲು ಒಬ್ಬರು ಹಿಡಿದುಕೊಂಡು ನಕ್ಕರು. ಶಿವಪ್ಪನವರು ಏನೂ ತಿಳಿಯದೆ ನನ್ನ ಮುಖ ನೋಡಿದರು.

ನಗು ನಿಂತ ಮೇಲೆ ಅಕ್ಕ ಎಡಗೈ ಚಾಚಿ ಅಂಗೈ ತೆರೆದಳು. ಬೇಡುವವರ ಹಾಗೆ ಅಲ್ಲ, ದಿನವೂ ಪೂಜೆಗೆ ಹಿಡಿಯುವ ಹಾಗೆ, ಎದೆಯ ಎತ್ತರಕ್ಕೆ. ಮುದುಕಿ ಆ ಕೈಯನ್ನು ನೋಡಿದಳು. ಅಂಥ ಪೂಜೆಯನ್ನು ಅವಳು ಕಂಡಿರಲಾರಳು. ಆದರೂ ಏನೋ ತಿಳಿದವಳಂತೆ ಲಿಂಗವನ್ನು ಅಕ್ಕಿಯಿಂದ ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಅಕ್ಕನ ಅಂಗೈಯಲ್ಲಿ ಕೂರಿಸಿದಳು.

ಅಕ್ಕ ಅಲ್ಲೇ ಮತ್ತೆ ಪೂಜೆಗೆ ಕೂತಳು. ಮುದುಕಿ ಪಕ್ಕದಲ್ಲಿ ಬರಿದಾದ ತಟ್ಟೆ ಹಿಡಿದು ಕೂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅನಂತನಿಗೆ ಏನೋ ಕೇಳಿದಳು. ಮುಂದಿನ ಸೋಮವಾರ ನಾನು ಬಂದಾಗ ಎಲ್ಲಿ ಹುಡುಕಲಿ, ಯಾವುದಕ್ಕೆ ಹಾಲು ಎರೆಯಲಿ ಎನ್ನುತ್ತಾಳೆ ಎಂದು ಅನಂತ ನಮ್ಮ ಕಡೆ ತಿರುಗಿ ಹೇಳಿದ. ಗುಡಿಯಲ್ಲಿ ಬೇಕಾದಷ್ಟು ಲಿಂಗಗಳಿದ್ದವು. ಅವಳು ಕೇಳಿದ್ದು ಅದನ್ನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಕೈ ಐತೆಲ್ಲ ಆಕಿಗೆ" ಎಂಬ ಮಾತು ಕೇಳಿತು.

ಅನಂತ ಅದನ್ನು ಮುದುಕಿಗೆ ಹೇಳಿದ. ಬಸ್ಸಿನವನು ಹಾರ್ನು ಹೊಡೆದ. ಅಕ್ಕ ಪೂಜೆ ಮುಗಿಸಿ, ಲಿಂಗ ಕಟ್ಟಿಕೊಂಡು, ಗಂಟನ್ನು ಎರಡೆರಡು ಸಲ ಒತ್ತಿ ನೋಡಿಕೊಂಡು, ಉಳಿದ ವಿಭೂತಿಯನ್ನು ಮುದುಕಿಯ ತಟ್ಟೆಯಲ್ಲಿಟ್ಟಳು. ನಾನು ಕೊಟ್ಟ ಬಾಟಲಿಯನ್ನು ಎತ್ತಿ ನಿಲ್ಲಿಸದೆ ಕುಡಿದಳು. ಮೇಲೆ ಬಸ್ಸಿನಲ್ಲಿ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಮೆಟ್ಟಿಲವರೆಗೂ ಬರುತ್ತಿತ್ತು. ಸಮುದ್ರ ತಲುಪಿದಾಗ ಕತ್ತಲಾಗಿತ್ತು. ಶಿವಪ್ಪನವರು ಪ್ಯಾಂಟಿನಲ್ಲೇ ಹೋಗಿ ಮೊಣಕಾಲವರೆಗೆ ನಿಂತು ಬಂದರು.

ಹಳಿಯಾಳ

ಆಮೇಲೆ ನಾನು ಬಹಳ ಊರು ಬದಲಿಸಿದೆ. ಅಕ್ಕ ಈಗಲೂ ಅದೇ ಅಂಗಡಿಯಲ್ಲಿ ಬೀಜದ ಚೀಲಗಳ ನಡುವೆ ಕೂರುತ್ತಾಳೆ. ಮಳೆಗಾಲದ ಮುಂಚೆ ಒಮ್ಮೆ ಹೋದಾಗ, ಈ ಪ್ರವಾಸವನ್ನು ಬರೆಯಬೇಕೆಂದಿದ್ದೇನೆ ಅಂದೆ. ಆ ಒಂದು ಮಾತಿನಿಂದಲೇ ಆ ಪ್ರವಾಸ ನನ್ನ ತಲೆಯಲ್ಲಿ ಉಳಿದಿದೆ, ನೀನು ಎಷ್ಟು ಸರಳವಾಗಿ ಅಂದುಬಿಟ್ಟೆ ಎಂದು ಹೇಳಿದೆ.

"ಯಾವ ಮಾತು?"

"ಕೈ ಐತೆಲ್ಲ ಆಕಿಗೆ ಅಂದಿದ್ದು."

ಅಕ್ಕ ಚೀಲದ ಬಾಯಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಿದಳು. "ನಾ ಯಾವಾಗ ಅಂದೆ? ನೀ ಅಂದಿ."

ನಾನು ನಕ್ಕೆ. ಆ ಮಾತು ನನ್ನ ಬಾಯಿಂದ ಬರುವಂಥದ್ದಲ್ಲ, ಲಿಂಗ ಬಿಟ್ಟವನು ನಾನು, ಅಂಗೈಯಲ್ಲಿ ದೇವರಿದ್ದಾನೆಂದು ಪರದೇಶದ ಮುದುಕಿಗೆ ನಾನು ಯಾಕೆ ಹೇಳಲಿ ಎಂದೆ.

"ನನ್ನ ಕೈಯಾಗ ಲಿಂಗ ಇತ್ತೋ. ಪೂಜಿಗೆ ಕುಂತಿದ್ದೆ. ಪೂಜಿಗೆ ಕುಂತಾಗ ನಾ ಮಾತಾಡತೇನೇನು?"

ಆಧಾರ ಅವಳ ಕಡೆ ಇತ್ತು. ಎಷ್ಟು ಸಲ ಹಿಂದಕ್ಕೆ ಹೋಗಿ ಕೇಳಿದರೂ ಆ ಮಾತು ಅಕ್ಕನ ದನಿಯಲ್ಲೇ ಕೇಳುತ್ತದೆ, ಅವಳದೇ ಭಾಷೆಯಲ್ಲಿ. ಆದರೆ ಅವಳು ಆಗ ಮಾತಾಡಿರಲು ಸಾಧ್ಯವಿಲ್ಲ. ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಹತ್ತಿರವಿರಲಿಲ್ಲ, ಶಿವಪ್ಪನವರು ಬಸ್ಸಿಗೆ ಹೋಗಿದ್ದರು. ಮಾವ ತಕ್ಕಡಿಯ ಹಿಂದಿನಿಂದ, "ಕನ್ನಡದಾಗ ಅಂದ್ರ ಆ ಗೈಡಿಗೆ ಹೆಂಗ ತಿಳೀತು? ಇಂಗ್ಲಿಷಿನ್ಯಾಗ ಅಂದಿರಬೇಕು. ಇಂಗ್ಲಿಷ್ ಕಲತಾಂವ ನೀನ ಅಲಾ?" ಎಂದು ಮತ್ತೊಂದು ಮೊಳೆ ಹೊಡೆದರು.

ನನ್ನ ಮುಖ ನೋಡಿ ಅಕ್ಕನಿಗೆ ಪಾಪ ಅನ್ನಿಸಿರಬೇಕು. ಸೂಜಿಗೆ ದಾರ ಪೋಣಿಸುತ್ತ, "ಹೋಗ್ಲಿ ಬಿಡು, ಯಾರ ಅಂದ್ರೇನು. ಅದನ್ನ ಕೇಳಿದಮ್ಯಾಲೆ ಆ ಮುದಕಿ ಏನ ಮಾಡಿದ್ಲು, ಅದರ ನೆನಪರ ಐತೋ ಇಲ್ಲೋ? ನಾ ನೋಡಲಿಲ್ಲ, ನನ್ನ ಕಣ್ಣು ಲಿಂಗದ ಮ್ಯಾಲಿತ್ತು" ಅಂದಳು.

ಅದು ನೆನಪಿದೆ. ಅದರಲ್ಲಿ ನನಗೆ ಸಂಶಯವಿಲ್ಲ. ಮುದುಕಿ ತಟ್ಟೆಯನ್ನು ಕೆಳಗಿಟ್ಟಳು. ಎಡಗೈಯನ್ನು ಸೆರಗಿನಿಂದ ಒರೆಸಿಕೊಂಡಳು. ಹಾಲಿನ ಜಿಡ್ಡು, ಸಿಂಧೂರ ಎಲ್ಲ ಹೋಗುವ ಹಾಗೆ ಬೆರಳ ಸಂದಿಯನ್ನೂ ಬಿಡದೆ ಒರೆಸಿದಳು. ಆಮೇಲೆ ಅಂಗೈ ತೆರೆದು ಎದೆಯ ಎತ್ತರಕ್ಕೆ ಹಿಡಿದು, ಏನೂ ಇಲ್ಲದ ಆ ಕೈಯನ್ನು, ಹಾರ್ನು ಹೊಡೆಯುತ್ತಿದ್ದರೂ ತಲೆಯೆತ್ತದೆ, ನೋಡುತ್ತ ಕೂತಳು.